ಪೆಟ್ಟಿಗೆಯಲ್ಲಿ ಬೆಳ್ಳುಳ್ಳಿ ಇಟ್ಟವರು

ನಗೋದಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಯಾರಾದರೂ ಕಿಸಕ್ ಅಂದರೆ ನಾನು ಎದ್ದು ಹೋಗ್ತೀನಿ, ಆಮೇಲೆ ಕಾಲಿಗೆ ಬಿದ್ದರೂ ಹೇಳಲ್ಲ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಮ್ಮನ ಮಗಳು ಗುಬ್ಬಕ್ಕ ಇದ್ದಾಳಲ್ಲ, ಅವಳ ಮನೆಯಲ್ಲೇ ಆದದ್ದು.

ಗುಬ್ಬಕ್ಕ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಮಾಡ್ತಾಳೆ. ಹೋಟೆಲುಗಳ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಟವೆಲ್ಲು ಎಲ್ಲ ರಾಶಿ ರಾಶಿ ಬರುತ್ತೆ. ಒಗೆದು, ಇಸ್ತ್ರಿ ಹೊಡೆದು, ಮಡಿಸಿ ಕಳಿಸಬೇಕು. ಕೆಲಸ ಬಿಟ್ಟು, ಎರಡು ಬಸ್ಸು ಬದಲಾಯಿಸಿ, ಮಿಕ್ಕ ದಾರಿ ನಡೆದು ಮನೆ ಸೇರೋ ಹೊತ್ತಿಗೆ ಗವ್ವನೆ ಕತ್ತಲು. ಆ ನಡೆಯೋ ದಾರಿಯಲ್ಲಿ ಒಂದು ಹಳೇ ಬಾವಿ. ಯಾರೂ ನೀರು ಸೇದಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬಿಟ್ಟಿದ್ದಾರೆ. ಅದರ ಪಕ್ಕ ನಿಂತು ತಲೆ ಎತ್ತಿದರೆ ಮೊದಲನೇ ಮಹಡಿಯಲ್ಲಿ ಅವಳ ಮನೆ ಕಿಟಕಿ ಕಾಣುತ್ತೆ.

ಅವತ್ತು ಬಾವಿ ದಾಟುವಾಗ ಒಳಗಿನಿಂದ ಸದ್ದು ಬಂತು. ಟಪ್... ಸ್ವಲ್ಪ ತಡೆದು... ಟಪ್. ಏನೋ ನೀರಿಗೆ ಬೀಳೋ ಸದ್ದು. ಮಣ್ಣು ಉದುರ್ತಿರಬೇಕು ಅಂದುಕೊಂಡು ಅವಳು ತಲೆ ಎತ್ತಿದಳು. ಕಿಟಕಿಯಲ್ಲಿ ಬೆಳಕು. ದೀಪದ್ದಲ್ಲ... ನೀಲಿ ಬೆಳಕು, ಅಲುಗಾಡ್ತಾ ಇತ್ತು. ನೋಡ್ತಾ ಇದ್ದ ಹಾಗೇ ಆರಿಹೋಯಿತು.

ಅವಳಿಗೆ ಮೊದಲು ಖುಷಿಯೇ ಆಯಿತು. ಅಂದರೆ ಅವಳ ಗಂಡ, ನಮ್ಮ ಭಾವ, ಇನ್ನೂ ಕೆಲಸಕ್ಕೆ ಹೊರಟಿಲ್ಲ! ದಾಪುಗಾಲು ಹಾಕಿಕೊಂಡು ಹೋದಳು. ಮೆಟ್ಟಿಲ ಬುಡದಲ್ಲಿ ಕೆಳಗಿನ ಮನೆಯ ತಾತ ಎಂದಿನ ಹಾಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಬಸ್ಸು ಹೋಯಿತು, ಆದರೆ ಹತ್ತೋರನ್ನ ಇಳಿಯೋರನ್ನ ನೋಡೋ ಚಟ ಹೋಗಿಲ್ಲ.

"ತಾತ, ಇವರು ಇನ್ನೂ ಮನೇಲಿದ್ದಾರಾ?"

"ನಿನ್ನ ಗಂಡನಾ? ಬೆಳಕಿರೋವಾಗಲೇ ಹೋದನಲ್ಲಮ್ಮ. ನನ್ನ ಕಣ್ಣೆದುರೇ ಸೈಕಲ್ ಹತ್ತಿದ."

ಮೇಲೆ ಹೋದಳು. ಬಾಗಿಲಿಗೆ ಬೀಗ. ತೆಗೆದು, ದೀಪ ಹಾಕಿದಳು. ಯಾರೂ ಇಲ್ಲ. ಫ್ರಿಜ್ಜಿನ ಮೇಲೆ ಗೇಮ್ ಡಬ್ಬಿ ಇತ್ತು, ದಿನಾ ಇರೋ ಜಾಗದಲ್ಲೇ. ಆದರೆ ಅದರಿಂದ ಸಣ್ಣಗೆ ಸುಂಯ್... ಅಂತ ಸದ್ದು ಬರ್ತಿತ್ತು. ಅದರೊಳಗೆ ಒಂದು ಪುಟ್ಟ ಫ್ಯಾನ್ ಇರುತ್ತೆ, ಆಡಿ ಬಿಟ್ಟ ಮೇಲೂ ಸ್ವಲ್ಪ ಹೊತ್ತು ತಿರುಗುತ್ತೆ. ಅವಳು ಕೈಯಿಟ್ಟಳು.

ಬಿಸಿ. ಈಗ ತಾನೇ ಯಾರೋ ಕೆಳಗಿಟ್ಟಷ್ಟು ಬಿಸಿ.

ಈ ಡಬ್ಬಿ ಯಾವುದು ಅಂತ ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ಅರ್ಥವಾಗಲ್ಲ. ಎರಡೂ ಕೈಯಲ್ಲಿ ಹಿಡಿದು ಆಡ್ತಾರಲ್ಲ, ನಡುವೆ ಪರದೆ, ಆಚೀಚೆ ಗುಂಡಿ, ಅಂಥದ್ದು. ಮದುವೆಯಾದ ಹೊಸದರಲ್ಲಿ ಭಾವ ಯಾರ ಹತ್ತಿರವೋ ಹಳೇದು ತಂದದ್ದು. ಒಳಗೆ ಒಂದೇ ಗೇಮ್. ಬೆಟ್ಟದ ಮೇಲೆ ಒಂದು ಕೋಟೆ, ಕೋಟೆ ತುಂಬ ರಕ್ತ ಹೀರೋ ಪಿಶಾಚಿಗಳು, ಅವಕ್ಕೊಬ್ಬ ದೊರೆ. ನೀವು ಬೇಟೆಗಾರ. ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಬಿಲ್ಲು. ಒಂದೊಂದೇ ಬಾಗಿಲು ತೆಗೆದುಕೊಂಡು ಮೇಲೆ ಹತ್ತುತ್ತಾ ಹೋಗಬೇಕು. ಗಂಡ ಹೆಂಡತಿ ಇಬ್ಬರಿಗೂ ಅದರ ಹುಚ್ಚು. ಅನ್ನ ಉಕ್ಕಿ ಒಲೆ ಆರಿದರೂ ಗೊತ್ತಾಗ್ತಿರಲಿಲ್ಲ.

ಅವರ ಸಂಸಾರವೇ ಹಾಗಿತ್ತು ನೋಡಿ. ಭಾವನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ, ಓವನ್ ಮುಂದೆ. ಅವರು ಬೆಳಗ್ಗೆ ಬರೋ ಅಷ್ಟರಲ್ಲಿ ಇವಳು ಹೊರಟಿರ್ತಾಳೆ. ಇವಳು ಬರೋ ಅಷ್ಟರಲ್ಲಿ ಅವರು ಹೊರಟಿರ್ತಾರೆ. ವಾರದ ರಜೆ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ. ಫೋನ್ ಮಾಡೋಣ ಅಂದರೆ ಒಬ್ಬರು ಎದ್ದಿರುವಾಗ ಇನ್ನೊಬ್ಬರಿಗೆ ನಿದ್ದೆ. ಅದಕ್ಕೇ ಅವರು ಒಂದು ದಾರಿ ಹುಡುಕಿಕೊಂಡಿದ್ದರು. ಗೇಮಿನಲ್ಲಿ ಬೇಟೆಗಾರನಿಗೆ ಒಂದು ಗುಡಿಸಲು ಇದೆ, ಅಲ್ಲೊಂದು ಮರದ ಪೆಟ್ಟಿಗೆ. ಸಿಕ್ಕ ಸಾಮಾನು ಅದರಲ್ಲಿ ಇಡಬಹುದು. ಇಬ್ಬರೂ ಒಂದೇ ಬೇಟೆಗಾರನನ್ನ ಆಡೋರು. ಆಟ ಮುಗಿಸಿ, ಗುಡಿಸಲಿಗೆ ಬಂದು, ಪೆಟ್ಟಿಗೆಯಲ್ಲಿ ಇನ್ನೊಬ್ಬರಿಗೆ ಏನಾದರೂ ಇಟ್ಟು, ಸೇವ್ ಮಾಡಿ ಹೋಗೋರು. ಸೇವ್ ಆದಾಗ ಟಿಣ್... ಟಿಣ್... ಅಂತ ಗಂಟೆ ಹೊಡೆಯುತ್ತೆ.

ಮೇಣದಬತ್ತಿ ಇಟ್ಟರೆ 'ನಿನ್ನ ನೆನಪಾಯಿತು' ಅಂತ. ಔಷಧಿ ಸೀಸೆ ಇಟ್ಟರೆ 'ಸುಸ್ತಾಗಿದೀಯ, ಬೇಗ ಮಲಗು'. ಬೆಳ್ಳುಳ್ಳಿ ಇಟ್ಟರೆ ಕೋಪ. ಪಿಶಾಚಿ ಬೆಳ್ಳುಳ್ಳಿಗೆ ಹೆದರುತ್ತಲ್ಲ, ಅದಕ್ಕೇ 'ಹತ್ತಿರ ಬರಬೇಡ' ಅಂತ ಅರ್ಥ. ಇನ್ನೊಂದು ಕಟ್ಟುನಿಟ್ಟು. ಪೆಟ್ಟಿಗೆಯ ಮಾತು ಬಾಯಲ್ಲಿ ಆಡಬಾರದು. ಮೊದಮೊದಲು ಬೆಳ್ಳುಳ್ಳಿ ಯಾಕಿಟ್ಟೆ, ನೀನ್ಯಾಕಿಟ್ಟೆ ಅಂತ ಸಿಗೋ ಒಂದು ರಜಾ ದಿನವೂ ಜಗಳದಲ್ಲೇ ಕಳೆದುಹೋಗ್ತಿತ್ತಂತೆ. ಅದಕ್ಕೇ, ಪೆಟ್ಟಿಗೆಯ ಕೋಪ ಪೆಟ್ಟಿಗೆಯಲ್ಲೇ ಮುಗಿಯಬೇಕು, ಎದುರಾ ಎದುರು ಅದರ ಸುದ್ದಿ ಎತ್ತೋ ಹಾಗಿಲ್ಲ ಅಂತ ಇಬ್ಬರೂ ಆಣೆ ಹಾಕಿಕೊಂಡಿದ್ದರು.

ನಾನು ಆಗಲೇ ಹೇಳಿದ್ದೆ, ಇದು ಒಳ್ಳೇದಲ್ಲ ಕಣೇ ಅಂತ. ನನ್ನ ಮಾತು ಯಾರು ಕೇಳ್ತಾರೆ!

ಡಬ್ಬಿ ಬಿಸಿಯಿದ್ದ ಆ ರಾತ್ರಿ ಗುಬ್ಬಕ್ಕ ಗೇಮ್ ಹಾಕಿ ನೋಡಿದಳು. ಅವರಿಬ್ಬರೂ ಗಂಟೆ ಗೋಪುರದಲ್ಲಿ ಸಿಕ್ಕಿಹಾಕಿಕೊಂಡು ತುಂಬ ದಿನ ಆಗಿತ್ತು. ಅಲ್ಲೊಬ್ಬಳು ರೆಕ್ಕೆಯ ಹೆಂಗಸು, ಎಷ್ಟು ಬಾಣ ಬಿಟ್ಟರೂ ಸಾಯ್ತಿರಲಿಲ್ಲ. ಈಗ ನೋಡಿದರೆ ಗೋಪುರ ದಾಟಿಹೋಗಿದೆ. ಬೇಟೆಗಾರನ ಮೈಮೇಲೆ ಒಂದು ಗಾಯ ಇಲ್ಲ. 'ಪರವಾಗಿಲ್ವೇ, ಇವರು!' ಅಂದುಕೊಂಡು ಪೆಟ್ಟಿಗೆ ತೆಗೆದಳು. ಕಿರ್... ಅಂತ ಮುಚ್ಚಳ ತೆರೆಯಿತು.

ಒಳಗೆ ಬೆಳ್ಳುಳ್ಳಿ.

ಯಾಕೆ? ತಲೆ ಕೆರೆದುಕೊಂಡಳು. ಕಳೆದ ರಜೆಯಲ್ಲಿ ಏನೂ ಆಗಿರಲಿಲ್ಲ, ನಗನಗ್ತಾನೇ ಇದ್ದರು. ಹೋಗಲಿ ಅಂತ ಮೇಣದಬತ್ತಿ ಇಟ್ಟು ಮಲಗಿದಳು. ಮರುದಿನ ಬಂದರೆ ಮತ್ತೆ ಡಬ್ಬಿ ಬಿಸಿ, ಮತ್ತೆ ಬೆಳ್ಳುಳ್ಳಿ. ಅದರ ಮರುದಿನವೂ ಬೆಳ್ಳುಳ್ಳಿ. ಅವಳೂ ಹಟಕ್ಕೆ ಬಿದ್ದು ದಿನಾ ಮೇಣದಬತ್ತೀನೇ ಇಟ್ಟಳು.

ಅಷ್ಟಾದರೂ ಸಹಿಸಿಕೊಳ್ತಿದ್ದಳೋ ಏನೋ. ಆ ಬಿಸಿ ಅವಳ ತಲೆಗೆ ಹುಳ ಬಿಟ್ಟಿತು. ಭಾವ ಬೆಳಕಿರೋವಾಗಲೇ ಹೋಗ್ತಾರೆ. ಹಾಗಾದರೆ ಕತ್ತಲಾದ ಮೇಲೆ ಈ ಮನೆಯಲ್ಲಿ ಕೂತು ಆಡೋರು ಯಾರು? ಬೀಗದ ಕೈ ಇರೋದೇ ಎರಡು, ಒಂದು ಇವಳ ಹತ್ತಿರ, ಒಂದು ಅವರ ಹತ್ತಿರ. ಅಂದರೆ ಅವರು ಯಾರಿಗೋ ಕೊಟ್ಟಿದ್ದಾರೆ. ಯಾರಿಗೆ? ದಿಂಬು ಮೂಸಿ ನೋಡಿದಳು. ಬಚ್ಚಲಲ್ಲಿ ಒಂದು ಉದ್ದನೇ ಕೂದಲು ಸಿಕ್ಕಿತು, ದೀಪದ ಕೆಳಗೆ ಹಿಡಿದು ತನ್ನ ಜಡೆಗೆ ಹೋಲಿಸಿ ನೋಡಿದಳು. ಅವಳದ್ದೇ. ಅದಕ್ಕೂ ಸಮಾಧಾನ ಇಲ್ಲ, ತನ್ನ ಹಾಗೇ ಕೂದಲಿರೋ ಹೆಂಗಸು ಯಾರು ಅಂತ ಶುರು ಮಾಡಿದಳು!

ಡಬ್ಬೀನ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋಗಬಹುದಿತ್ತಲ್ಲ ಅಂತೀರಾ? ನಾನೂ ಅದನ್ನೇ ಕೇಳಿದೆ. ಅದಕ್ಕೆ ಅವಳು, "ಆಮೇಲೆ ಅವರ ಮಾತು ನನಗೆ ಹೇಗೆ ಸಿಗುತ್ತೆ? ಬೆಳ್ಳುಳ್ಳಿಯಾದರೂ ಅವರದ್ದೇ ಅಲ್ವಾ?" ಅಂದಳು.

ರಜಾ ದಿನ ಬಂತು. ಇಬ್ಬರೂ ಎದುರುಬದುರು ಕೂತು ಊಟ ಮಾಡಿದರು.

"ಏನಾದರೂ ಹೇಳೋದಿದ್ಯಾ?" ಅಂದರು ಭಾವ.

"ನನಗೇನಿದೆ? ನಿಮಗಿದ್ಯಾ?"

"ನನಗೇನೂ ಇಲ್ಲಪ್ಪ."

ಅಷ್ಟೇ. ಆಣೆ ಹಾಕಿದ್ದಾರಲ್ಲ! ನಾಲಿಗೆ ತುದಿಯಲ್ಲಿದ್ದ ಮಾತನ್ನ ಇಬ್ಬರೂ ಅನ್ನದ ಜೊತೆ ನುಂಗಿದರು. ಅವತ್ತು ಸಂಜೆ ಅವಳು ನನಗೆ ಫೋನ್ ಮಾಡಿ, ಇನ್ನೊಂದು ವಾರ ನೋಡ್ತೀನಿ, ಆಮೇಲೆ ಬಟ್ಟೆ ಬರೆ ಕಟ್ಟಿಕೊಂಡು ಅಮ್ಮನ ಮನೆಗೆ ಹೋಗಿಬಿಡ್ತೀನಿ ಅಂತ ಅತ್ತಳು. ತಮಾಷೆಗೆ ಹೇಳಿದ ಮಾತಲ್ಲ ಅದು.

ಮುಂದಿನ ರಜೆಯ ಹಿಂದಿನ ದಿನ. ಲಾಂಡ್ರಿಯಲ್ಲಿ ತಲೆನೋವು ಅಂತ ಸುಳ್ಳು ಹೇಳಿ ಬೇಗ ಹೊರಟಳು. ಇವತ್ತು ಆ ಹೆಂಗಸನ್ನ ಹಿಡಿದೇ ತೀರ್ತೀನಿ ಅಂತ. ಬಾವಿಯ ಹತ್ತಿರ ಬರೋ ಹೊತ್ತಿಗೆ ಆಗಷ್ಟೇ ಕತ್ತಲಾಗಿತ್ತು. ತಲೆ ಎತ್ತಿದಳು.

ಕಿಟಕಿಯಲ್ಲಿ ನೀಲಿ ಬೆಳಕು.

ಬೀದಿಯಲ್ಲಿ ಯಾರೂ ಇರಲಿಲ್ಲ. ಮೇಲಿನಿಂದ ಸದ್ದು ಕೇಳಿಸ್ತಿತ್ತು, ಸಣ್ಣಗೆ... ಗೇಮಿನ ಲಾಟೀನಿನ ಸರಪಳಿ, ಝಣ್... ಝಣ್... ಆಮೇಲೆ ಮುಚ್ಚಳ, ಕಿರ್... ಅವಳು ನಿಂತಲ್ಲಿಂದಲೇ ಭಾವನಿಗೆ ಫೋನ್ ಮಾಡಿದಳು. ಅವರು ಎತ್ತಿದರು. ಹಿಂದಿನಿಂದ ಹಿಟ್ಟು ಕಲಸೋ ಯಂತ್ರದ ಸದ್ದು, ಧಡಲ್... ಧಡಲ್...

"ಏನೇ, ಈ ಹೊತ್ತಲ್ಲಿ?"

"ರೀ... ಎಲ್ಲಿದ್ದೀರಾ?"

"ಇನ್ನೆಲ್ಲಿರ್ತೀನಿ? ಓವನ್ ಮುಂದೆ. ಯಾಕೆ ಪಿಸುಗುಡ್ತಿದ್ದೀಯಾ?"

"ಮನೇಲಿ ಯಾರಿದ್ದಾರೆ?"

"ಯಾರಿರ್ತಾರೆ? ನೀನು ತಾನೇ ಇರಬೇಕು?"

"ನಾನು ಹೊರಗಿದ್ದೀನಿ. ಬಾವಿ ಹತ್ತಿರ. ಒಳಗೆ ಯಾರೋ ಆಡ್ತಿದ್ದಾರೆ..."

ಗುಬ್ಬಕ್ಕನಿಗೆ ಇನ್ನು ತಡೆಯೋಕೆ ಆಗಲಿಲ್ಲ. ಆಣೆ ಗೀಣೆ ಎಲ್ಲ ಮರೆತು ಬಾಯಿಬಿಟ್ಟಳು.

"ದಿನಾ ಬೆಳ್ಳುಳ್ಳಿ ಇಡ್ತೀರಲ್ಲ, ನಾನೇನು ತಪ್ಪು ಮಾಡಿದೆ ಹೇಳಿ?"

"ನಾನಾ? ಲೇ... ನಾನು ಇಡ್ತಿರೋದು ಮೇಣದಬತ್ತಿ. ಬೆಳ್ಳುಳ್ಳಿ ಇಡ್ತಿರೋದು ನೀನು!"

"ಇಲ್ಲಾರೀ... ನಾನೂ ಮೇಣದಬತ್ತೀನೇ..."

"ಬೆಳಗ್ಗೆ ನಾನು ಬಂದಾಗ ಡಬ್ಬಿ ಬಿಸಿ ಇರುತ್ತೆ. ನೀನು ಕೆಲಸಕ್ಕೆ ಹೋಗದೆ ಯಾರ ಜೊತೇನೋ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಇವರು ಹೋದ ಮೇಲೆ, ಅವಳು ಬರೋ ಮುಂಚೆ. ಅವಳು ಹೋದ ಮೇಲೆ, ಇವರು ಬರೋ ಮುಂಚೆ. ನಡುವೆ ಯಾರೋ ಕೂತು, ಇವರ ಮಾತು ಅವಳಿಗೆ, ಅವಳ ಮಾತು ಇವರಿಗೆ ಬದಲಾಯಿಸಿ ಇಡ್ತಿದ್ದಾರೆ.

"ಒಳಗೆ ಹೋಗಬೇಡ," ಅಂದರು ಭಾವ. "ಅಲ್ಲೇ ನಿಂತಿರು. ನಾನು ಬರ್ತೀನಿ."

ಫೋನ್ ಇಟ್ಟಳು. ಮೇಲೆ ಟಿಣ್... ಟಿಣ್... ಅಂತು. ಸೇವ್ ಆಯಿತು. ಬೆಳಕು ಆರಿತು. ಅವಳು ಬಾಗಿಲ ಕಡೆಯೇ ಕಣ್ಣಿಟ್ಟು ನಿಂತಳು. ಯಾರೂ ಇಳಿದು ಬರಲಿಲ್ಲ. ಬಾವಿಯೊಳಗೆ ಮಾತ್ರ... ಟಪ್.

"ಬಾ, ಹೋಗೋಣ."

ಹಿಂದೆಯೇ ನಿಂತಿದ್ದರು ಭಾವ. ಅವಳು ಕಿಟಾರನೆ ಕಿರುಚಬೇಕು ಅಂದವಳು ಅವರ ಮುಖ ನೋಡಿ ಅಳೋಕೇ ಶುರು ಮಾಡಿದಳು.

"ಇಷ್ಟು ಬೇಗ ಹೇಗೆ ಬಂದಿರಿ?"

"ಓಡಿ ಬಂದೆ."

"ಸೈಕಲ್?"

"ಅಲ್ಲೇ ಬಿಟ್ಟೆ."

ಓಡಿ ಬಂದವರಿಗೆ ಏದುಸಿರು ಬರಬೇಕಲ್ಲ? ಬೇಕರಿ ಏನು ಪಕ್ಕದ ಬೀದಿಯಲ್ಲಿದ್ಯಾ? ನಾವು ಇಲ್ಲಿ ಆರಾಮಾಗಿ ಕೂತುಕೊಂಡು ಕೇಳಬಹುದು. ಹೆದರಿ ಜೀವ ಬಾಯಿಗೆ ಬಂದಿರೋಳಿಗೆ ಗಂಡನ ಕೈ ಸಿಕ್ಕಿದರೆ ಸಾಕಾಗಿರುತ್ತೆ. ಇಬ್ಬರೂ ಮೆಟ್ಟಿಲು ಹತ್ತಿದರು. ತಾತ ಕುರ್ಚಿಯಿಂದಲೇ, "ಏನಪ್ಪಾ, ಇವತ್ತು ಜೋಡಿ ಒಟ್ಟಿಗೆ!" ಅಂದ. ಭಾವ ನಕ್ಕರು.

ಬೀಗ ಹಾಗೇ ಇತ್ತು. ಒಳಗೆ ಯಾರೂ ಇರಲಿಲ್ಲ. ಮಂಚದ ಕೆಳಗೆ, ಬಚ್ಚಲು, ಕಪಾಟು ಎಲ್ಲ ನೋಡಿದರು. ಆಮೇಲೆ ಬಾಗಿಲು ಹಾಕಿಕೊಂಡು ಮಾತಾಡಿದರು ನೋಡಿ, ಮದುವೆಯಾದ ಮೇಲೆ ಅಷ್ಟು ಮಾತಾಡಿರಲಿಲ್ಲವಂತೆ. ಅಂದರೆ ಮಾತಾಡಿದ್ದೆಲ್ಲ ಅವಳೇ. ಅವರು ಕೇಳ್ತಾ ಕೂತರು. ಅನುಮಾನ ಪಟ್ಟದ್ದು, ದಿಂಬು ಮೂಸಿದ್ದು, ಕೂದಲು ಅಳೆದದ್ದು ಎಲ್ಲ ಒಪ್ಪಿಸಿದಳು. ಮನಸ್ಸು ಹಗುರಾದ ಖುಷಿಯಲ್ಲಿ, ಯಾರಿಗೂ ಹೇಳದ ಒಂದು ಗುಟ್ಟನ್ನೂ ಹೇಳಿಬಿಟ್ಟಳು.

ಅವಳಿಗೆ ಬ್ರೆಡ್ ವಾಸನೆ ಆಗಲ್ಲ. ಹೊಟ್ಟೆ ತೊಳೆಸುತ್ತೆ. ಬೇಕರಿಯವನ ಹೆಂಡತಿ! ಪಾಪ, ಭಾವ ದಿನಾ ಬರುವಾಗ ತಾವೇ ಬೇಯಿಸಿದ ಬ್ರೆಡ್ಡು ತಂದಿಡೋರು. ಅವರಿಗೆ ಅದೇ ಹೆಮ್ಮೆ. ಇವಳು ರಾತ್ರಿ ಬಂದು, ಮೂಗು ಮುಚ್ಚಿಕೊಂಡು ಅದನ್ನ ಕೆಳಗಿನ ತಾತನಿಗೆ ಕೊಡೋಳು. ಮದುವೆಯಾದಾಗಿನಿಂದ ನಡೆದುಬಂದದ್ದು ಇದು. ಕೇಳಿ ಭಾವ ಬೇಜಾರೇ ಮಾಡಿಕೊಳ್ಳಲಿಲ್ಲ.

"ಇನ್ನೇನು ಮುಚ್ಚಿಟ್ಟಿದ್ದೀಯಾ?" ಅಂತ ಮೆಲ್ಲಗೆ ಕೇಳಿದರಂತೆ.

"ಇನ್ನೇನೂ ಇಲ್ಲ. ರೀ, ಆ ಡಬ್ಬೀನ ಎಸೆದುಬಿಡೋಣ."

"ಎಸೆಯೋಣ. ಒಂದು ಬಾಗಿಲು ಬಾಕಿ ಇದೆ. ಅದೊಂದು ತೆಗೆದುಬಿಡೋಣ."

ಆಡೋಕೆ ಕೂತರು. ಅವಳು ಅವರ ಹೆಗಲಿಗೆ ಒರಗಿ ನೋಡ್ತಿದ್ದಳು. ಭಾವ ಆಡಿದರೆ ಕಟಕಟ ಅಂತ ಗುಂಡಿ ಸದ್ದು ಕೆಳಗಿನ ಮನೆಗೂ ಕೇಳಿಸ್ತಿತ್ತು. ಅವತ್ತು ಸದ್ದೇ ಇಲ್ಲ. ಬೇಟೆಗಾರ ತನ್ನ ಪಾಡಿಗೆ ಮೆಟ್ಟಿಲು ಹತ್ತುತ್ತಿದ್ದ. ಯಾವ ಪಿಶಾಚಿಯೂ ಅವನ ಮೇಲೆ ಬೀಳ್ತಿರಲಿಲ್ಲ, ಸರಿದು ದಾರಿ ಬಿಡ್ತಿದ್ದವು. ಇದೇನು ಹೀಗೆ ಅಂತ ಕೇಳಬೇಕು ಅಂದುಕೊಂಡಳು... ಅಷ್ಟರಲ್ಲಿ ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಬೆಳಗಾಗಿತ್ತು. ಯಾರೋ ಬಾಗಿಲು ತಟ್ಟುತ್ತಿದ್ದರು. ಒಳಗಿನಿಂದ ಚಿಲಕ ಹಾಕಿತ್ತು. ತೆಗೆದರೆ ಭಾವ. ಮೈಯೆಲ್ಲ ಹಿಟ್ಟು, ಕಣ್ಣು ಕೆಂಪು, ಕೈಯಲ್ಲಿ ಬ್ರೆಡ್ಡು.

"ಮತ್ತೆ ಯಾವಾಗ ಹೋದಿರಿ?" ಅಂದಳು.

"ಎಲ್ಲಿಗೆ?"

"ಕೆಲಸಕ್ಕೆ. ರಾತ್ರಿ ನನ್ನ ಜೊತೆ ಬಂದವರು..."

"ನಾನೆಲ್ಲಿ ಬಂದೆ? ಹೊರಟಿದ್ದೆ. ಸೈಕಲ್ ಹತ್ತಿದ್ದೆ ಕೂಡ. ನೀನೇ ಫೋನ್ ಮಾಡಿ ಬರಬೇಡಿ ಅಂದೆಯಲ್ಲ? ಟಿವಿ ಆರಿಸೋಕೆ ಮರೆತಿದ್ದೆ ಅಷ್ಟೇ ಅಂತ. ನಗ್ತಾ ಬೇರೆ ಇದ್ದೆ!"

ಅವರ ಫೋನಿನಲ್ಲಿ ಆ ಕರೆ ಇತ್ತು, ಇವಳ ನಂಬರಿನಿಂದಲೇ ಬಂದದ್ದು. ಇವಳ ಫೋನಿನಲ್ಲಿ ಹುಡುಕಿದರು. ಇಲ್ಲ. ಭಾವ ದಡದಡ ಕೆಳಗಿಳಿದು ತಾತನನ್ನ ಕೇಳಿದರು. ತಾತ ಅವರನ್ನೇ ಮೇಲಿಂದ ಕೆಳಗೆ ನೋಡಿ, "ನನ್ನನ್ನೇನು ಕೇಳ್ತೀಯೋ? ನೀನೇ ಅವಳ ಕೈ ಹಿಡಿದುಕೊಂಡು ಹತ್ತಿದೆಯಲ್ಲ?" ಅಂದ.

ಅವತ್ತೇ ಗೇಮ್ ಅಳಿಸಿ ಹಾಕಿದರು. ಭಾವ ಡಬ್ಬಿಯನ್ನ ಸುತ್ತಿಗೆಯಲ್ಲಿ ಕುಟ್ಟಿ ಪುಡಿಪುಡಿ ಮಾಡಿದರು. ಬೇಕರಿ ಮಾಲೀಕನ ಕೈಕಾಲು ಹಿಡಿದು ಹಗಲು ಪಾಳಿ ತೆಗೆದುಕೊಂಡರು. ಈಗ ಇಬ್ಬರೂ ರಾತ್ರಿ ಒಟ್ಟಿಗೆ ಊಟ ಮಾಡ್ತಾರೆ, ಜಗಳ ಇದ್ದರೆ ಬಾಯಿಬಿಟ್ಟು ಆಡ್ತಾರೆ. ಗುಬ್ಬಕ್ಕ ಆ ರಾತ್ರಿಯ ಮಾತನ್ನೆಲ್ಲ ಭಾವನಿಗೆ ಹೇಳಿದ್ದಾಳೆ. ಬ್ರೆಡ್ಡಿನ ವಿಷಯ ಒಂದು ಬಿಟ್ಟು. ಅದನ್ನ ಹೇಳಿದರೆ ಅವರ ಮನಸ್ಸು ಮುರಿಯುತ್ತೆ, ಆ ಇನ್ನೊಂದಕ್ಕೆ ಹೇಳಿದ್ದೇ ಸಾಕು ಅಂತ. ಈ ಗುಟ್ಟು ನನಗೂ ಆಗಲೇ ಗೊತ್ತಾದದ್ದು. ಭಾವ ಬ್ರೆಡ್ಡು ತರೋರು, ಇವಳು ಅವರ ಕಣ್ಣು ತಪ್ಪಿಸಿ, ಮೂಗು ಮುಚ್ಚಿಕೊಂಡು ತಾತನಿಗೆ ದಾಟಿಸೋಳು, ಎಲ್ಲ ಮೊದಲಿನ ಹಾಗೇ ನಡೀತಿತ್ತು.

ಮೊನ್ನೆ ನಾನು ಅವರ ಮನೆಗೆ ಹೋಗಿದ್ದೆ. ಕತ್ತಲಾಗಿತ್ತು. ಗುಬ್ಬಕ್ಕ ಟೀ ಸೋಸ್ತಿದ್ದಳು, ನಾನು ಕುರ್ಚಿಯಲ್ಲಿ ಕೂತಿದ್ದೆ. ಭಾವ ಕೆಲಸದಿಂದ ಬಂದರು. ಬರಿಗೈ.

"ಇವತ್ತು ಬ್ರೆಡ್ ತರಲಿಲ್ವಾ?" ಅಂದಳು ಅವಳು.

ಭಾವ ಚಪ್ಪಲಿ ಬಿಡ್ತಾ ಇದ್ದರು. ತಲೆ ಎತ್ತದೆ ಹೇಳಿದರು.

"ನಿನಗೆ ಅದರ ವಾಸನೆ ಆಗಲ್ಲ ಅಂದಿದ್ದೆಯಲ್ಲ, ಅವತ್ತು ರಾತ್ರಿ."

ಗುಬ್ಬಕ್ಕ ಸೋಸೋದು ನಿಲ್ಲಿಸಲಿಲ್ಲ. ಲೋಟ ತುಂಬಿ ಟೀ ಕಟ್ಟೆಯ ಮೇಲೆ ಹರಿದು, ತೊಟ್ಟು ತೊಟ್ಟು ನೆಲಕ್ಕೆ ಬೀಳ್ತಿತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ. ಬಾಯಿ ತಪ್ಪಿ ನೀನೇ ಯಾವತ್ತಾದರೂ ಹೇಳಿರಬೇಕು ಅಂತ ಆಮೇಲೆ ಫೋನಿನಲ್ಲಿ ಕೇಳಿದೆ. ಇಲ್ಲ ಅಂದಳು, ಅದೂ ಪಿಸುಮಾತಿನಲ್ಲಿ. ಯಾರಿಂದಲೋ ಕೇಳಿದ್ದಾದರೆ ನಾನೂ ನಿಮಗಿಂತ ಜೋರಾಗಿ ನಗ್ತಿದ್ದೆ. ನಾನು ಅಲ್ಲೇ ಕೂತಿದ್ದೆ ಕಣ್ರೀ. ನೆಲ ಒರೆಸಿದ್ದೂ ನಾನೇ. ಭಾವ ಒಳಗೆ ಹೋಗಿ, ಕೈಕಾಲು ತೊಳೆದು ಬಂದು, ಎಂದಿನ ಹಾಗೇ ನನ್ನ ಪಕ್ಕದಲ್ಲಿ ಕೂತು ಟೀ ಕುಡಿದರು.